ಮಾಡ್ಯೂಲಿನೊಳಗಿನ ಹೆಸರು

"ಈ ಮಾಡ್ಯೂಲ್‌ನ ಯಾರ್ ಕಟ್ಯಾರ್ರೀ?" ದಿಲೀಪ ಮೂರನೆಯ ಸಲ ಕೇಳಿದ.

ಕಲಬುರಗಿಯ ಈ ದಿಲೀಪ ಮುಂಬೈ ಪಕ್ಕದ ಠಾಣೆ ಊರಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರುಗಳ ಮುಖ್ಯಸ್ಥ. ಆರು ಸರ್ವರುಗಳು ಒಂದೇ ಡಿಸ್ಕನ್ನು ಹಂಚಿಕೊಂಡು ಓದಬೇಕಿತ್ತು. ಬೆಳಗ್ಗೆಯಿಂದ ಒಂದೂ ಓದುತ್ತಿಲ್ಲ. ಹೊರಗೆ ರಿಪೋರ್ಟಿಗೆ ಬಂದವರ ಸಾಲು ಮೆಟ್ಟಿಲುಗಳವರೆಗೂ ಬೆಳೆದಿತ್ತು.

ಸಾಫ್ಟ್‌ವೇರ್ ಒದಗಿಸಿದ ಕಂಪನಿಯ ಮ್ಯಾನೇಜರ್ ಯತಿನ್ ಶೆಟ್ಟಿ, ಹಿಂದೆ ನಿಂತಿದ್ದ ತನ್ನ ಕೈಕೆಳಗಿನ ನಿಶ್ಮಿತಾಳತ್ತ ಕೈ ತೋರಿಸಿದ. "ಇವಳೇ ಮಾಡಿದ್ದು. ಎಂತ ಮಾರಾಯ್ತಿ, ಕರ್ನಲ್ ಬದಲಾದದ್ದು ನೋಡ್ಲಿಕ್ಕಾಗ್ಲಿಲ್ವಾ? ನಾಳೆಯಿಂದ ಆಫೀಸಿಗೆ ಬರ್ಬೇಡ."

ಅಬ್ಬಾ, ಎಂಥ ನಾಲಗೆ! ಸರ್ವರಿನ ತಿರುಳಾದ ಕರ್ನಲ್ ಒಂದು ಅಂಕಿಯಷ್ಟು ಬದಲಾದರೂ, ಡಿಸ್ಕ್ ಓದಿಸುವ ಮಾಡ್ಯೂಲನ್ನು ಅದಕ್ಕೆ ಸರಿಯಾಗಿ ಹೊಸದಾಗಿ ಕಟ್ಟಿ ಕಳಿಸಬೇಕು, ಇಲ್ಲದಿದ್ದರೆ ಸರ್ವರ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎರಡು ವರ್ಷ ದಿವಾ ಸ್ಟೇಷನ್ನಿನಿಂದ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬಂದು ಆ ಕೆಲಸ ಮಾಡಿದವಳು ನಿಶ್ಮಿತಾ. ಕರ್ತೃವಿನ ಸಾಲಿನಲ್ಲಿದ್ದ ಅವಳ ಹೆಸರನ್ನು ಅಳಿಸಿ ತನ್ನದನ್ನು ಬರೆದುಕೊಂಡು ಮ್ಯಾನೇಜರ್ ಆದವನು ಯತಿನ್. ಅದನ್ನು ಅವಳು ಮರೆತಿರಲಿಲ್ಲ.

ಭಾನುವಾರ ಕರ್ನಲ್ ಬದಲಿಸುತ್ತೇವೆಂದು ಲ್ಯಾಬಿನಿಂದ ಮೇಲ್ ಬಂದಾಗ ಅವಳು ಹೊಸ ಮಾಡ್ಯೂಲ್ ಕಟ್ಟಿ ಯತಿನ್‌ಗೆ ಹೇಳಿದ್ದಳು. ಅವನು ಫೋನಿನಿಂದ ತಲೆ ಎತ್ತದೆ ಹೂಂಗುಟ್ಟಿ, ಹಳೆಯದನ್ನೇ ಕಳಿಸಿದ. ಅದು ಅವಳ ಕಣ್ಣೆದುರೇ ಹೋಯಿತು. ಇನ್ನೊಮ್ಮೆ ಹೇಳಬಹುದಿತ್ತು. ಬೇಕೆಂದೇ ಹೇಳಲಿಲ್ಲ.

"ಮಾಡಿದವರ ಹೆಸರು ಮಾಡ್ಯೂಲಿನ ಒಳಗೇ ಉಂಟು ಸರ್," ಎಂದಳು ದಿಲೀಪನಿಗೆ. "ಒಮ್ಮೆ ತೆಗೆದು ನೋಡಿ."

ದಿಲೀಪ ಕೀಲಿ ಒತ್ತಿದ. ಪರದೆಯ ಮೇಲೆ ಹೆಸರು ಬಂತು.

"ಶೆಟ್ರ, ಇಲ್ಲಿ ನಿಮ್ಮ ಹೆಸರೇ ಐತಲ್ರೀ!"

ಯತಿನ್‌ನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅದನ್ನು ಅವಳು ಕಣ್ತುಂಬ ನೋಡಿದಳು. ಅವನು ಪಕ್ಕಕ್ಕೆ ಬಂದು ಪಿಸುಗುಟ್ಟಿದ: "ಹೊಸದ್ದು ನಿನ್ನ ಹತ್ರ ಉಂಟಲ್ಲ, ಕೊಡು ಮಾರಾಯ್ತಿ."

"ನಾಳೆಯಿಂದ ಬರ್ಬೇಡ ಅಂದ್ರಲ್ಲ ಸರ್?"

ಅವನು ನೆಲ ನೋಡುವವರೆಗೂ ಕಾದಳು. ಆಮೇಲೆ ಪರ್ಸಿನಿಂದ ಪೆನ್‌ಡ್ರೈವ್ ತೆಗೆದು ದಿಲೀಪನ ಕೈಗೇ ಕೊಟ್ಟಳು. ಅದರಲ್ಲಿದ್ದ ಹೊಸ ಮಾಡ್ಯೂಲಿನ ಕರ್ತೃವಿನ ಸಾಲಿನಲ್ಲಿ ಇದ್ದದ್ದು ಅವಳ ಹೆಸರು. ಹತ್ತು ನಿಮಿಷದಲ್ಲಿ ಆರೂ ಸರ್ವರುಗಳು ಡಿಸ್ಕ್ ಓದತೊಡಗಿದವು.

ಗೆದ್ದೆನೆಂಬ ಬಿಗುವಿನಲ್ಲೇ ಹೊರಗೆ ಬಂದಳು. ಸಾಲಿನಲ್ಲಿ ಗೋಡೆಗೊರಗಿದ್ದ ಮುದುಕಿಯೊಬ್ಬಳು ಅವಳ ಕೈ ಹಿಡಿದಳು.

"ಯವ್ವಾ, ಮಿಷನ್ ಸರಿ ಆತೇನು? ನಸುಕಿನ್ಯಾಗ ಬಂದೀನಿ. ಮೊಮ್ಮಗಳ ರಿಪೋರ್ಟ್ ಇಲ್ದ ಡಾಕ್ಟರ್ ಮುಟ್ಟಂಗಿಲ್ಲ ಅಂತಾರ."

ನಿಶ್ಮಿತಾ ಮುದುಕಿಯ ಬೆವರಿದ ಮುಷ್ಟಿಯಿಂದ ಚೀಟಿ ಬಿಡಿಸಿಕೊಂಡಳು. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಅವಳ ಜಾಗದಲ್ಲಿ ತಾನು ನಿಂತಳು.