ತನ್ನ ದನಿ ತನಗೆ ಕೇಳಿಸದಂತೆ

ಕಿವಿಯಲ್ಲಿ ಅವಳದೇ ದನಿ, ಚೂರು ತಡವಾಗಿ, ಬಾವಿಗೆ ಬಗ್ಗಿ ಕೂಗಿದವರಿಗೆ ವಾಪಸು ಬರುವ ಹಾಗೆ — ಹಲೋ, ಹಲೋ, ಒಂದು, ಎರಡು — ಎರಡು ಅಂದ ಕೂಡಲೇ ಎದೆಯಲ್ಲಿ ಏನೋ ಚುಳ್ಳೆಂದಿತು, ಥೂ, ಇದೊಂದು ಕರ್ಮ, ಎಣಿಸುವಾಗ ಒಂದರಿಂದ ನೇರ ಮೂರಕ್ಕೆ ಹಾರುವುದು ಹೇಗೆ, ಮೂರು, ನಾಲ್ಕು, ಹಲೋ — ಸ್ಕ್ರೂಡ್ರೈವರಿನ ಸಪೂರ ತುದಿ ಡಬ್ಬಿಯ ತೂತಿನೊಳಗೆ ಹೋಗಿ ತಿರುಪನ್ನು ಹುಡುಕುತ್ತಿದೆ, ಸಿಕ್ಕಿತು, ಕೂದಲೆಳೆಯಷ್ಟು ಬಲಕ್ಕೆ, ದನಿ ತೆಳ್ಳಗಾಯಿತು, ಇನ್ನೂ ಬಲಕ್ಕೆ, ಅಯ್ಯೋ ಮತ್ತೆ ದಪ್ಪಗಾಯಿತು, ಎಡಕ್ಕೆ ಬಾ ತಾಯಿ, ಎಡಕ್ಕೆ. ಕಂಟ್ರೋಲ್ ರೂಮಿನಲ್ಲಿ ಅವಳೊಬ್ಬಳೇ, ನಿನ್ ಹಲೋ ಹಲೋ ಮುಗಿದ್ಮೇಲೆ ಕರಿ, ನನ್ ತಲೆ ಚಿಟ್ ಹಿಡೀತಿದೆ ಎಂದು ಡೈರೆಕ್ಟರಮ್ಮ ಚಹಾಕ್ಕೆ ಹೋಗಿ ಎಷ್ಟೋ ಹೊತ್ತಾಯಿತು, ಏಸಿಯ ತಣ್ಣನೆ ಗಾಳಿ ಕತ್ತಿನ ಹಿಂದೆ ಬೆರಳಾಡಿಸುತ್ತಿದೆ, ಗೋಡೆಯ ತುಂಬ ಪರದೆಗಳು ಸದ್ದಿಲ್ಲದೆ ಬೆಳಗುತ್ತಿವೆ, ನೀರಿನ ತಳದಲ್ಲಿ ಕೂತು ಮೇಲೆ ನೋಡಿದ ಹಾಗೆ. ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ, ಕೆಳಗಿನ ಶೂಟಿಂಗ್ ಫ್ಲೋರಿನವರೆಲ್ಲ ಹೆಡ್‌ಸೆಟ್ಟಿನಲ್ಲಿ ಒಟ್ಟಿಗೆ ಮಾತಾಡುವ ಹಳೇ ಪಾರ್ಟಿಲೈನನ್ನು ಇಲ್ಲಿಯ ಹೊಸ ಮ್ಯಾಟ್ರಿಕ್ಸಿಗೆ, ಕರೆಯಬೇಕಾದವರಿಗೆಲ್ಲ ಬೇರೆ ಬೇರೆ ಕೀ ಇರುವ ಯಂತ್ರಕ್ಕೆ, ಜೋಡಿಸಬೇಕು, ಸಂಜೆಯ ನೇರಪ್ರಸಾರಕ್ಕೆ ಮುಂಚೆ — ಹಳೆಯದಕ್ಕೆ ಒಂದೇ ಜೋಡಿ ತಂತಿ, ಹೋಗುವ ಮಾತೂ ಬರುವ ಮಾತೂ ಅದರಲ್ಲೇ ಮೈಗೆ ಮೈ ತಾಗಿಸಿಕೊಂಡು ಓಡಾಡಬೇಕು, ಹೊಸದಕ್ಕೆ ಹೋಗಲೊಂದು ದಾರಿ ಬರಲೊಂದು ದಾರಿ, ಇವೆರಡರ ನಡುವೆ ಬೀಗರ ಜಗಳ ಬಿಡಿಸಲು ಕೂತ ಸೋದರಮಾವನಂತೆ ಈ ಡಬ್ಬಿ, ಇದರ ತಿರುಪು ಸರಿ ಕೂರದಿದ್ದರೆ ಆಡಿದವರ ಮಾತು ಆಡಿದವರ ಕಿವಿಗೇ ಮರಳಿ ಬರುತ್ತದೆ. ಅದಕ್ಕೇ ಕೆಳಗಿನವರಿಗೆಲ್ಲ ಮೊದಲೇ ಹೇಳಿದ್ದಾಳೆ, ಎಲ್ರೂ ಮೈಕ್ ಮುಚ್ಕೊಳಿ, ಹೆಡ್‌ಸೆಟ್ ಮಾತ್ರ ತೆಗೀಬೇಡಿ, ನಾನು ಹೇಳೋ ತನಕ ಯಾರೂ ಬಾಯ್ ಬಿಡಂಗಿಲ್ಲ, ಒಬ್ರು ಕೆಮ್ಮಿದ್ರೂ ನನ್ ಲೆಕ್ಕ ತಪ್ಪುತ್ತೆ, ಆಮೇಲೆ ಎಲ್ಲಾ ಮೊದಲಿಂದ. ಆಯ್ತಕ್ಕ, ಆಯ್ತಕ್ಕ, ಎಂದು ಒಬ್ಬೊಬ್ಬರೇ ಮುಚ್ಚಿಕೊಂಡರು. ಎರಡನೇ ಕ್ಯಾಮೆರಾದವನು ಮಾತ್ರ ಬರೀ ಆಯ್ತು ಅಂದ, ಪಾಪ, ಕಟ್ಟಿಕೊಂಡ ಹೆಂಡತಿಯನ್ನು ಅಕ್ಕ ಅನ್ನುವುದಾದರೂ ಹೇಗೆ.

ಆಯ್ತು. ಮೊನ್ನೆ ಅವಳೂ ಅಷ್ಟೇ ಅಂದದ್ದು. ಅವನು ಹೇಳಿದ್ದು, ಸ್ವಲ್ಪ ದಿನ ಅಣ್ಣನ ಮನೆ ಮಹಡಿ ಮೇಲೆ ಇರ್ತೀನಿ ಅಂತ ಅಂದ್ಕೊಂಡಿದೀನಿ, ಜಗಳ ಅಲ್ಲ, ಸಿಟ್ಟೂ ಅಲ್ಲ — ತಟ್ಟೆ ತೊಳೆಯುತ್ತ, ಬೆನ್ನು ಹಾಕಿಕೊಂಡು, ನಲ್ಲಿಯ ನೀರಿಗೆ ಹೇಳುವವನ ಹಾಗೆ — ಗೋಡೆ ಜೊತೆ ಮಾತಾಡಿ ಮಾತಾಡಿ ಸಾಕಾಯ್ತು ಕಣೇ, ಗೋಡೆನಾದ್ರೂ ಒಂದಿನ ಬಿರುಕು ಬಿಡುತ್ತೆ, ನೀನು ಅದೂ ಇಲ್ಲ. ಅವಳ ಗಂಟಲಲ್ಲಿ ಏನೇನೋ ಮಾತು ಒಂದರ ಮೇಲೊಂದು ಹತ್ತಿ ನಿಂತವು, ಹೊರಗೆ ಬಂದದ್ದು ಆಯ್ತು, ಅಷ್ಟೇ, ಯಾರೋ ಕರೆಂಟು ಬಿಲ್ಲಿನ ವಿಷಯ ಕೇಳಿದ ಹಾಗೆ. ಬೆಳಿಗ್ಗೆ ಸ್ಕೂಟರಿನಲ್ಲಿ ಇಬ್ಬರ ನಡುವೆ ಅವನ ಬ್ಯಾಗು ಕೂತು ಬಂತು, ತುಂಬಿದ ಬ್ಯಾಗು, ಅವನ ಬೆನ್ನಿನ ಬಿಸಿ ಅವಳಿಗೆ ತಾಗದಂತೆ, ಸಿಗ್ನಲಿನಲ್ಲಿ ನಿಂತಾಗ ಅದನ್ನು ಎತ್ತಿ ರಸ್ತೆಗೆ ಎಸೆದುಬಿಡಲೇ ಅನ್ನಿಸಿತ್ತು, ಎಸೆಯಲಿಲ್ಲ, ಬೀಳದ ಹಾಗೆ ಹಿಡಿದುಕೊಂಡೇ ಬಂದಳು ಪೆದ್ದಿ. ಈಗ ಅದು ಫ್ಲೋರಿನ ಲಾಕರಿನಲ್ಲಿದೆ, ಕಾರ್ಯಕ್ರಮ ಮುಗಿದರೆ ಅವನು ಅತ್ತ, ಅವಳು ಇತ್ತ. ಹಲೋ, ಹಲೋ, ಇನ್ನೊಂದು ತಿರುಪು, ಇದು ನಾಜೂಕಿನದು, ಉಸಿರು ಹಿಡಿದು ತಿರುಗಿಸಬೇಕು — ಇದೇ ಹಳೇ ಲೈನಿನ ಮೇಲೇ ಅಲ್ಲವೇ ಅವನು ಸಿಕ್ಕಿದ್ದು, ದಿನಾ ಬೆಳಿಗ್ಗೆ ಇವಳು ಕ್ಯಾಮೆರಾದ ನಂಬರು ಹಿಡಿದು ಒಬ್ಬೊಬ್ಬರನ್ನೇ ಕೇಳುವುದು, ಒಂದು ಕೇಳಿಸ್ತಾ, ಎರಡು ಕೇಳಿಸ್ತಾ, ಒಂದು ದಿನ ಎರಡರಿಂದ ಆ ಉದಾಸೀನದ ದನಿ, ನೀವು ದಿನಾ ಕೇಳ್ತೀರಾ, ನಾನು ದಿನಾ ಕೇಳಿಸ್ತಿದೆ ಅಂತೀನಿ, ಇದನ್ನೇ ಜೀವನ ಪೂರ್ತಿ ಮಾಡೋಣ್ವಾ. ಅಟ್ಟದ ಮೇಲಿನಿಂದ ದೀಪದ ಮಾವ, ಲೈಟು ನೋಡಿಕೊಳ್ಳುವ ಮುದುಕ, ಬೇಗ ಹೂಂ ಅನ್ನಮ್ಮ, ಬಲ್ಬು ಬಿಸಿಯಾಗ್ತಿದೆ ಅಂದ, ಅವಳು ನಾಚಿ ಸಾಯುವಂತಾಗಿ ಹೂಂ ಅಂದಳು, ಅಷ್ಟೂ ಜನರ ಕಿವಿಯಲ್ಲಿ. ಆ ಲೈನೇ ಹಾಗೆ, ತುಂಬಿದ ಮನೆಯ ಅಡುಗೆಮನೆ, ಒಬ್ಬರು ಸೀನಿದರೆ ಎಲ್ಲರೂ ಚಿರಂಜೀವಿ ಅನ್ನಬೇಕು. ದಿನವಿಡೀ ಅಲ್ಲಿ ಕೂಗಿದವರಿಗೆಲ್ಲ ಉತ್ತರ ಕೊಟ್ಟು ಕೊಟ್ಟು ಮನೆಗೆ ಹೋದರೆ ಅವಳಿಗೆ ತುಟಿ ಎರಡು ಮಾಡಲಾಗುವುದಿಲ್ಲ, ಚಮಚ ಬಿದ್ದರೂ ಮೈ ನಡುಗುತ್ತದೆ. ಮನೇಲಿ ಮೌನಗೌರಿ, ಸ್ಕ್ರೂಡ್ರೈವರ್ ಹಿಡಿದ್ರೆ ಹರಿಕಥೆ, ಎಂದು ಅವನೇ ನಗುತ್ತಿದ್ದ, ನಿಜ, ಕೈಗೆ ಕೆಲಸ ಸಿಕ್ಕರೆ ಬಾಯಿ ತಂತಾನೇ ಹೊರಡುತ್ತದೆ, ಅಜ್ಜಿಯ ಬಳುವಳಿ, ಅಜ್ಜಿ ಸೂಜಿಗೂ ಬುದ್ಧಿ ಹೇಳುತ್ತಿದ್ದಳು.

ಹಲೋ — ಹಲೋ — ದನಿ ಬರಲಿಲ್ಲ. ಇನ್ನೊಮ್ಮೆ, ಹಲೋ, ಒಂದು ಎರಡು ಮೂರು. ಇಲ್ಲ. ಕಿವಿಯೊಳಗೆ ಹತ್ತಿಯಂಥ ಮೌನ, ಬಾವಿಯೇ ಮುಚ್ಚಿಹೋದ ಹಾಗೆ, ಭೇಷ್, ಇದಪ್ಪಾ ಕೆಲಸ ಅಂದರೆ, ಒಂದು ಪಿಸುಮಾತೂ ಮರಳಿ ಬರುತ್ತಿಲ್ಲ, ಅವಳು ಸ್ಕ್ರೂಡ್ರೈವರನ್ನು ಮಡಿಲಿಗೆ ಹಾಕಿಕೊಂಡು ಕುರ್ಚಿಗೆ ಒರಗಿದಳು, ಕೆಳಗಿನವರಿಗೆ ಆಯಿತು ಅಂತ ಹೇಳಬೇಕು, ಹೇಳೋಣ, ಏನವಸರ, ಮೊದಲು ಮ್ಯಾಟ್ರಿಕ್ಸಿನ ಕೀಗಳಿಗೆ ಹೆಸರು ಅಂಟಿಸಿಬಿಡೋಣ. ಡೈರೆಕ್ಟರ್. ಸೌಂಡ್. ಮೇಕಪ್. ಇದು ಫ್ಲೋರ್, ಹಳೇ ಲೈನಿನವರೆಲ್ಲ ಒಟ್ಟಿಗೆ ಒಂದೇ ಕೀಯಲ್ಲಿ. ಕೊನೆಯದು ಖಾಲಿ, ಯಾರಿಗೆ ಕೊಡಲಿ, ಎರಡನ್ನು ಆ ಲೈನಿನಿಂದ ಬಿಡಿಸಿ ಇಲ್ಲಿಗೆ ಬೇರೆಯಾಗಿ ಎಳೆದುಕೊಂಡರೆ ಈ ಕೀ ಅವನೊಬ್ಬನದೇ ಆಗುತ್ತದೆ, ಒತ್ತಿದರೆ ಅವನೊಬ್ಬನಿಗೇ ಕೇಳಿಸುತ್ತದೆ, ದೀಪದ ಮಾವ ಬಾಯಿ ಹಾಕಲಾರ. ಮಾವನ ಹೊಸ ಹಲ್ಲು ಬಂದ್ಮೇಲೆ ಮಾತಿಗಿಂತ ಸೀಟಿನೇ ಜಾಸ್ತಿ, ಒಳ್ಳೇ ಕುಕ್ಕರ್ ಕೂಗಿದಂಗೆ, ಯಾರೂ ಹೇಳಲ್ಲ ಪಾಪ. ಸರಿ, ಕೀ ಒತ್ತಿದೆ ಅಂತಿಟ್ಟುಕೋ, ಏನು ಹೇಳುತ್ತೀ. ನೋಡು, ಅಂತ ಶುರುಮಾಡಲೇ. ನೋಡು, ಗೋಡೆ ಅಂದ್ಯಲ್ಲ ನನ್ನ, ಗೋಡೆಗೆ ಎಲ್ಲಾ ಕೇಳಿಸಿದೆ. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತೆ, ವಾಷರ್ ತರ್ಬೇಕು ಅಂದೆ, ಕೇಳಿಸ್ತು, ತಂದು ನಾನೇ ಹಾಕ್ದೆ, ತಾನಾಗೇ ಸರಿಹೋಯ್ತು ಅಂದ್ಕೊಂಡೆ ನೀನು. ಮೆಟ್ಟಿಲು ಇಳಿಯೋವಾಗ ಮಾತ್ರ ಮಂಡಿ ನೋಯುತ್ತೆ, ಹತ್ತೋವಾಗ ಇಲ್ಲ, ಇದೆಂಥ ಮಂಡಿ ಅಂದೆ, ಕೇಳಿಸ್ತು. ಬಸ್ಸಲ್ಲಿ ಒಬ್ಬ ಮುದುಕ ಕೊಡೆಗೆ ಪಕ್ಕದ ಸೀಟು ಬಿಟ್ಟುಕೊಟ್ಟು ತಾನು ನಿಂತೇ ಬಂದ ಅಂತ ಹೇಳಿ ನೀನೊಬ್ನೇ ನಕ್ಕೆ, ನಾನು ಆಮೇಲೆ ದಿಂಬಿಗೆ ಮುಖ ಒತ್ತಿ ನಕ್ಕೆ, ನಿನಗೆ ನಿದ್ದೆ ಬಂದಿತ್ತು — ಫ್ಲೋರ್ ಎಂದು ಬರೆದ ಕೀಯಲ್ಲಿ ಕೆಂಪು ದೀಪ ಪಿಳಿಪಿಳಿ ಅಂದಿತು. ಕರೆಯುವ ದೀಪ. ಯಾರೂ ಕರೆಯುತ್ತಿರಲಿಕ್ಕಿಲ್ಲ, ಹಳೇ ತಂತಿಯ ಕರೆಂಟು ಹೊಸ ಡಬ್ಬಿಗೆ ನುಸುಳುತ್ತಿರಬೇಕು, ಹೊಸ ಸೊಸೆ, ಎಲ್ಲದಕ್ಕೂ ಬೆಚ್ಚುತ್ತಾಳೆ, ಆಮೇಲೆ ನೋಡಿದರಾಯಿತು.

ಎಲ್ಲಿಗೆ ಬಂದೆ, ನಗು, ಹೌದು. ಊರಿನವರಿಗೆಲ್ಲ ಉತ್ತರ ಕೊಡೋದೇ ನನ್ ಹಣೇಬರಹ, ಕೇಳಿಸ್ತಾ, ಕೇಳಿಸ್ತಿದೆ, ಸರಿ, ಆಯ್ತು, ತಗೋ, ಇಡು. ನಿಂದೊಂದೇ ಮಾತು ನಾನು ಉತ್ತರ ಕೊಡದೇನೇ ಕೇಳ್ಬಹುದಾಗಿದ್ದು. ನೀನು ಅಡುಗೆಮನೇಲಿ ಅದೂ ಇದೂ ಹೇಳ್ತಾ ಓಡಾಡ್ತಿದ್ರೆ ನಾನು ಕಣ್ಮುಚ್ಕೊಂಡು ಕೂತಿರ್ತಿದ್ದೆ, ಅದೇ ನಂಗೆ ವಿಶ್ರಾಂತಿ, ನಡುವೆ ಬಾಯಿ ಹಾಕಿದ್ರೆ ಎಲ್ಲಿ ನಿಲ್ಲಿಸಿಬಿಡ್ತೀಯೋ ಅಂತ ಸುಮ್ನಿದ್ದೆ. ನಿಂಗೆ ಅದು ಗೋಡೆ ಥರ ಕಂಡ್ರೆ ನಾನೇನ್ ಮಾಡ್ಲಿ. ಹೋಗ್ಬೇಡ ಕಣೋ. ಆ ಮನೇಲಿ ನೀನಿಲ್ದೆ ಮೌನ ಇದ್ರೆ ಅದು ಬೇರೆ ಮೌನ, ಅದು ನಂಗೆ ಬೇಡ — ಕಣ್ಣಲ್ಲಿ ನೀರು, ಮೂಗು ಸೊರಗುಟ್ಟಿತು, ಸೀರೆಯ ಸೆರಗಲ್ಲಿ ಒರೆಸಿಕೊಂಡಳು, ದೀಪ ಮತ್ತೆ, ಪಿಳಿಪಿಳಿ, ಬಿಟ್ಟು ಪಿಳಿಪಿಳಿ, ಬಿಟ್ಟು, ಏನಿದು ಇದರ ಕಾಟ, ನುಸುಳುವ ಕರೆಂಟಿಗೆ ತಾಳ ಗೊತ್ತಿರುವುದಿಲ್ಲವಲ್ಲ, ಇದು ಗಾಬರಿಯಾದವರು ಬಾಗಿಲು ಬಡಿಯುವ ಹಾಗಿದೆ, ಬಡಿ ಬಡಿ, ನಿಲ್ಲು, ಬಡಿ ಬಡಿ, ಯಾರೋ ಬೇಕೆಂದೇ ಗುಂಡಿ ಒತ್ತುತ್ತಿದ್ದಾರೆ, ಬಾಯಿ ಬಿಡಬೇಡಿ ಎಂದಿದ್ದಾಳಲ್ಲ, ಅದಕ್ಕೇ ದೀಪ. ದೀಪದ ಪಕ್ಕದಲ್ಲೇ ಹಸಿರು. ಹಸಿರು ಏಕೆ ಉರಿಯುತ್ತಿದೆ. ಹಲೋ ಹಲೋ ಅನ್ನಲು ಅವಳೇ ಒತ್ತಿ ಕೂರಿಸಿದ ಕೀ. ಬಿಡಿಸಿಲ್ಲ. ಅಯ್ಯೋ ದೇವರೇ, ತೆರೆದೇ ಇದೆ, ಆಗಿನಿಂದ ತೆರೆದೇ ಇದೆ — ಇಷ್ಟು ವರ್ಷ ಹಳೇ ಲೈನಿನಲ್ಲಿ ಅವಳ ಕಿವಿಗೆ ಗೊತ್ತಿದ್ದುದು ಒಂದೇ, ತನ್ನ ದನಿ ತನಗೆ ಕೇಳಿಸುತ್ತಿದ್ದರೆ ಮೈಕ್ ತೆರೆದಿದೆ, ಕೇಳಿಸದಿದ್ದರೆ ಮುಚ್ಚಿದೆ, ಆ ದನಿಯನ್ನು ಇವತ್ತು ತಾನೇ ತಿರುಪು ತಿರುಗಿಸಿ ಅಳಿಸಿದ್ದಾಳೆ, ಅಷ್ಟು ಚೆಂದವಾಗಿ ಅಳಿಸಿದ್ದಾಳೆ, ಮುಚ್ಚಿದೆ ಎಂದು ನಂಬಿಬಿಟ್ಟಳು. ಮತ್ತೆ ಅವರೆಲ್ಲ ಹೆಡ್‌ಸೆಟ್ ಹಾಕಿಕೊಂಡು, ಬಾಯಿ ಮುಚ್ಚಿಕೊಂಡು, ಇವಳು ಹೇಳಿದಂತೆಯೇ, ಒಬ್ಬರೂ ಕೆಮ್ಮದೆ. ಯಾವುದನ್ನು ಮನಸ್ಸಿನಲ್ಲಿ ಅಂದುಕೊಂಡೆ, ಯಾವುದು ಬಾಯಿಂದ ಬಂತು, ಬ್ಯಾಗು ಎಸೆಯುವುದು ಮನಸ್ಸಿನಲ್ಲಿ, ಇರಬೇಕು, ಹಲ್ಲಿನ ವಿಷಯ ಬಾಯಿಂದ, ನಿಶ್ಚಯವಾಗಿ ಬಾಯಿಂದ, ಕುಕ್ಕರ್ ಅಂದದ್ದು ಈಗಲೂ ನಾಲಗೆಯ ಮೇಲಿದೆ, ನಲ್ಲಿ ಬಾಯಿಂದ, ಮಂಡಿ ಬಾಯಿಂದ, ಹೋಗ್ಬೇಡ ಕಣೋ — ಆ ಮೂಗು ಸೊರಗುಟ್ಟಿದ್ದು ಕೂಡ. ದೀಪ ಒತ್ತುತ್ತಿದ್ದವನು ಯಾರೆಂದು ಕೇಳಬೇಕೇ, ಹೆಂಡತಿಯ ಮಾನ ಉಳಿಸಲು ಅಷ್ಟು ಗಾಬರಿ ಪಡುವವನು ಆ ಲೈನಿನಲ್ಲಿ ಒಬ್ಬನೇ ಇದ್ದಾನೆ.

ಬೆರಳು ಹಸಿರು ಕೀಯ ಮೇಲೆ ಬಂದು ಕೂತಿತು, ಒತ್ತಿದರೆ ಮುಗಿಯಿತು, ಮುಚ್ಚಿಬಿಟ್ಟು ತಲೆನೋವು ಅಂತ ರಜೆ ಹಾಕಿ ಮನೆಗೆ ಓಡಬಹುದು, ಯಾವ ಮನೆಗೆ, ಆ ಬೇರೆ ಮೌನದ ಮನೆಗೆ. ಕೆಂಪು ದೀಪ ಈಗ ಆರಿದೆ, ಅಯ್ಯೋ ದೇವರೇ ಅಂದದ್ದೂ ಕೇಳಿಸಿ ಅವನಿಗೂ ತಿಳಿದಿರಬೇಕು ಇವಳಿಗೆ ತಿಳಿಯಿತೆಂದು, ಕಿವಿಯಲ್ಲಿ ಹತ್ತಿ, ಹತ್ತಿಯ ಆಚೆ ಫ್ಲೋರಿನ ಮಂದಿ ಅಷ್ಟೂ ಜನ ಉಸಿರು ಹಿಡಿದು ಕೂತಿದ್ದಾರೆ, ಇನ್ನು ಮಾನ ಉಳಿದಿರುವುದಾದರೂ ಎಲ್ಲಿ, ಹೋದದ್ದು ಹೋಯಿತು, ಒಳ್ಳೆಯದೇ ಆಯಿತು ಎಂದು ಎಲ್ಲೋ ಒಳಗೆ ಒಂದು ಹಗುರ, ಕನಸಿನಲ್ಲಿ ಬೀಳುತ್ತ ಬೀಳುತ್ತ ಇದು ಕನಸೇ ಎಂದು ಗೊತ್ತಾದ ಹಾಗೆ. ಬೆರಳನ್ನು ತೆಗೆದಳು. ಹಸಿರು ಹಾಗೇ ಉರಿಯಿತು. ಎರಡು, ಅಂದಳು, ಎರಡು, ಹೋಗ್ತೀಯಾ? ತನ್ನ ದನಿ ತನಗೆ ಬಾರದು, ಹೊರಟಿತೋ ಇಲ್ಲವೋ ಎನ್ನುವುದಕ್ಕೆ ಎದೆ ಬಡಿತವೊಂದೇ ಸಾಕ್ಷಿ. ಉತ್ತರವಿಲ್ಲ. ಇರುವುದು ಹೇಗೆ, ನಾನು ಹೇಳುವ ತನಕ ಬಾಯಿ ಬಿಡಬೇಡಿ ಎಂದವಳು ಅವಳೇ, ಆ ಮಹಾರಾಯ ಇಷ್ಟು ವರ್ಷದಲ್ಲಿ ಅವಳು ಹೇಳಿದ್ದನ್ನು ಮೀರಿದ್ದೇ ಇಲ್ಲ, ಈಗಲೂ ಮೀರಲಾರ, ಅವಳು ತಲೆಯೆತ್ತಿದಳು, ಪರದೆಗಳು, ಕೆಳಗಿನ ಸೆಟ್ಟು, ಸಂಜೆಯ ಅತಿಥಿಗೆಂದು ಇಟ್ಟ ಒಂಟಿ ಮರದ ಕುರ್ಚಿ ಮೂರೂ ಕ್ಯಾಮೆರಾಗಳಲ್ಲಿ ಮೂರು ಕಡೆಯಿಂದ, ಒಂದನೇ ಕ್ಯಾಮೆರಾ ಕಲ್ಲಿನಂತೆ ನಿಂತಿದೆ, ಮೂರನೆಯದೂ ಕಲ್ಲಿನಂತೆ, ನಾವಿಲ್ಲಿ ಇಲ್ಲವೇ ಇಲ್ಲ ಅನ್ನುವಂತೆ ಮರ್ಯಾದೆಯಿಂದ ನಿಂತಿವೆ. ನಡುವಿನ ಪರದೆ, ಎರಡನೆಯದು, ಅಲುಗಿತು. ಬಾಯಿ ಬಿಡಲಾಗದ ಹೊತ್ತಿನಲ್ಲಿ ಕ್ಯಾಮೆರಾದವರು ಕ್ಯಾಮೆರಾದಲ್ಲೇ ಉತ್ತರ ಕೊಡುತ್ತಾರೆ, ಹೂಂ ಅನ್ನಲು ಮೇಲೆ ಕೆಳಗೆ, ಇಲ್ಲ ಅನ್ನಲು ಅತ್ತ ಇತ್ತ, ಎಲ್ಲರಿಗೂ ಗೊತ್ತಿರುವ ಭಾಷೆ, ಕೆಳಗಿಳಿಯುತ್ತದೋ, ಇಳಿಯಬೇಡ, ಇಳಿಯಬೇಡ ಅಪ್ಪಾ, ಅವಳು ಸೆರಗನ್ನು ಹಲ್ಲಿಗೆ ಕಚ್ಚಿದಳು, ಕುರ್ಚಿ ಮೆಲ್ಲಗೆ ಎಡಕ್ಕೆ ಜಾರಿತು, ಪರದೆಯ ಅಂಚಿನವರೆಗೆ, ಅಲ್ಲಿ ನಿಂತಿತು, ತಿರುಗಿ ಬಲಕ್ಕೆ, ಇಡೀ ಪರದೆಯನ್ನು ದಾಟಿ ಬಲದ ಅಂಚಿಗೆ, ತಿರುಗಿ ಎಡಕ್ಕೆ, ಕುರ್ಚಿ ಎಡಕ್ಕೆ, ಕುರ್ಚಿ ಬಲಕ್ಕೆ, ಕುರ್ಚಿ ಎಡಕ್ಕೆ, ಕುರ್ಚಿ