ಬೆಳದಿಂಗಳಲ್ಲಿ ಕಡಿದ ಬೇವು

"ಎಂಟ್ನೇ ಕ್ಲಾಸ್‌ನಲ್ಲೇ ಇಸ್ಕೂಲು ಬುಟ್ಟು ಓಡ್ಬಂದೋನು, ಇವ್ನು ಮನೆಗೆ ಮರದ ಸೂರು ಆಕ್ತನಂತೆ ಕಣ್ರಲಾ! ಲೇ, ಮಳೆಗೆ ಮುಂಚೆ ವರ್ಸಾವರ್ಸಾ ಹೆಂಚು ಕೈಯಾಡಿಸ್ಬೇಕು. ನೀನು ಮ್ಯಾಲತ್ತಿದ್ರೆ ಕೆಳಗಿಂದ ಎತ್ಕೊಡಾಕೆ ಯಾರವ್ರಲಾ ನಿಂಗೆ?"

ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತಿದ್ದವರೆಲ್ಲ ನಕ್ಕರು. ಅಂದವನು ಹೊರಗಿನವನಲ್ಲ, ನನ್ನ ಸೋದರಮಾವ ಪುಟ್ಟಸ್ವಾಮಿ.

ತೊಂಬತ್ನಾಲ್ಕರ ಬೇಸಿಗೆ ಅದು. ಅವ್ವ ಸತ್ತು ಒಂಬತ್ತು ತಿಂಗಳಾಗಿತ್ತು. ಅಪ್ಪನ ಮುಖ ನನಗೆ ನೆನಪೇ ಇಲ್ಲ. ಬಿಂಡಿಗನವಿಲೆಯ ಅಂಚಿನಲ್ಲಿ ನಾನೇ ಎಬ್ಬಿಸಿದ ನಾಲ್ಕು ಗೋಡೆ ಸೂರಿಲ್ಲದೆ ನಿಂತಿದ್ದವು. ಅವ್ವ ಹಿತ್ತಲಲ್ಲಿ ನೆಟ್ಟ ಬೇವೇ ಅದಕ್ಕೆ ತೊಲೆ, ಜಂತೆ ಆಗಬೇಕೆಂಬುದು ನನ್ನ ಹಟ. ಅವಳ ಕೈಯ ಮರದ ಕೆಳಗೆ ಮಲಗಬೇಕು, ಅಷ್ಟೇ.

ಮಾವನದು ಸಿಮೆಂಟಿನ ಮೋಲ್ಡು ಮನೆ. ಮೋಲ್ಡಿಗೆ ಗೆದ್ದಲಿಲ್ಲ, ಮೇಲೆ ಕೋತಿ ಕುಣಿದರೂ ಚಿಂತೆಯಿಲ್ಲ, ರಾಗಿ ಒಣಗಿಸಬಹುದು. ನಿಜವೇ. ಆದರೆ ಬೇಸಿಗೆ ಬಂದರೆ ಅವನ ಮನೆಮಂದಿಯೆಲ್ಲ ಚಾಪೆ ಹೊತ್ತು ಜಗಲಿಗೆ ಬರುತ್ತಾರೆ. ಮರದ ಸೂರು ತಂಪು. ಒಂದು ಜಂತೆ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು. ಇದನ್ನೆಲ್ಲ ಅಲ್ಲೇ ಹೇಳಬಹುದಿತ್ತು. 'ಯಾರವ್ರಲಾ ನಿಂಗೆ' ಅಂದ ಮೇಲೆ ಅಲ್ಲಿ ನಿಲ್ಲಲಿಲ್ಲ.

ನೆಟ್ಟಗೆ ಹಿತ್ತಲಿಗೆ ಹೋಗಿ ಕೊಡಲಿ ಎತ್ತಿದೆ. ಬಡಗಿ ಮಂಚಯ್ಯ ಮೊದಲೇ ಹೇಳಿದ್ದ: "ಅಮಾಸೆ ಅತ್ರ ಬರ್ಲಿ, ಆಗ ಕಡಿ. ಆಮ್ಯಾಕೆ ಕೆರೇಲಿ ನೆನೆಯಾಕು." ಬೆಳದಿಂಗಳ ಪಕ್ಷ ಅದು, ಹುಣ್ಣಿಮೆಗೆ ಎರಡೇ ದಿನವಿತ್ತು. ಹೊತ್ತು ಮುಳುಗುವುದರೊಳಗೆ ಮರ ಕೆಡವಿದೆ. ಕೆರೆಗೂ ಹಾಕಲಿಲ್ಲ. ಸಾಗಿಸಲು ಇನ್ನೊಬ್ಬರ ಕೈ ಬೇಕಿತ್ತು. ಯಾರನ್ನೂ ಕೇಳಲು ಮನಸ್ಸು ಬರಲಿಲ್ಲ.

ಮೂರು ತಿಂಗಳ ಮೇಲೆ ಮಂಚಯ್ಯ ಬಂದು, ಗೋಡೆಗಳ ನಡುವೆ ಪೇರಿಸಿದ್ದ ದಿಮ್ಮಿಗೆ ಉಳಿ ತಾಗಿಸಿದ. ಕೆಳಗೊಡ್ಡಿದ ನನ್ನ ಅಂಗೈಗೆ ಹಳದಿ ಪುಡಿ ಉದುರಿತು.

"ಯಾವಾಗ ಕಡುದ್ಯಪ್ಪ ಇದ?"

ಹೇಳಿದೆ. "ಬೇವಿಗೂ ಹುಳ ಬೀಳ್ತದಾ, ಮಂಚಣ್ಣ?"

"ಬೆಳ್ದಿಂಗ್ಳಲ್ಲಿ ಕಡುದ್ರೆ ಯಾವ್ದುಕ್ಕಾದ್ರೂ ಬೀಳ್ತದೆ. ಹೆಂಚಿನ ಭಾರ ತಡೆಯಾಕಿಲ್ಲ ಇದು. ಒಲೆಗಾಕು." ಉಳಿ ಒರೆಸಿಕೊಂಡು ಹೋಗಿಬಿಟ್ಟ.

ಗೋಡೆಯಾಚೆ ಮಾವ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ನಗಲಿ, ನೋಡೋಣ ಎಂದು ಮುಷ್ಟಿ ಬಿಗಿದೆ. ಅವನು ನಗಲಿಲ್ಲ. ಒಳಗೆ ಬಂದು ದಿಮ್ಮಿಯ ಮೇಲೆ ಕೈಯಿಟ್ಟ.

"ನಮ್ಮಕ್ಕ ಬಿಂದಿಗೇಲಿ ನೀರೊತ್ತು ಬೆಳೆಸಿದ್ಲು ಕಣ್ಲಾ ಇದ್ನ." ಕೈ ತೆಗೆದು ನನ್ನ ಕಡೆ ತಿರುಗಿದ. "ನನ್ನೊಲದಲ್ಲಿ ಎರಡು ಬೇವವೆ. ಬರೋ ಅಮಾಸೆಗೆ ಕಡಿಯಣ. ನೀನು ಮ್ಯಾಲತ್ತು, ಹೆಂಚ ನಾನೇ ಎತ್ಕೊಡ್ತೀನಿ. ಏನಂತೀಯ?"

ಇದೇ ಮಾತನ್ನು ಅವತ್ತು ಡೈರಿ ಮುಂದೆ ಆಡಿದ್ದರೆ ನಾನು ಅಮಾವಾಸ್ಯೆವರೆಗೆ ಕಾಯುತ್ತಿದ್ದೆ.

"ಲೇ, ಮಾತಾಡ್ಲಾ."

ಅಂಗೈಗೆ ಅಂಟಿದ್ದ ಹಳದಿ ಪುಡಿಯನ್ನು ಪಂಚೆಗೆ ಒರೆಸಿಕೊಂಡೆ. ಅವನ ಹೊಲದ ಬೇವು ಅವ್ವ ನೆಟ್ಟದ್ದಲ್ಲ. ಬಾಗಿಲು ಕೂರಿಸದ ಸಂದಿನಿಂದ ಹೊರಬಿದ್ದು, ಮಾವನನ್ನು ಅಲ್ಲೇ ಬಿಟ್ಟು ಕೆರೆಯ ದಾರಿ ಹಿಡಿದೆ.