ದೊಡ್ಡದಂದ್ರ ಎಷ್ಟು?

ಹೊಳೀ ದಂಡೀ ಮ್ಯಾಲೆ ಬೆಳ್ಳಗೇನೋ ಕಾಣಾಕತ್ತೈತಿ, ಯಾರೋ ಧೋತರ ಒಣಹಾಕ್ಯಾರ ಅಂದ್ಕೊಂಡ್ನಿ, ಅಲ್ಲ, ಕೊಕ್ಕರಿ, ಒಂದಲ್ಲ ಎರಡಲ್ಲ, ಲಾಂಚಿನ ಸಪ್ಪಳಕ್ಕ ಒಮ್ಮೆಲೆ ಎದ್ದು ಹಾರಿದುವು, ಶಿವಾ ಶಿವಾ, ಅಂಡಿಗಿ ಹರದು ಹತ್ತಿ ಗಾಳಿಗೆ ಹಾರಿದಂಗ, ನನ್ನ ಬಾಯಿಂದ ಅಯ್ಯ ಅಂತ ಬಂದೇ ಬಿಡ್ತು, ಬಾಜೂ ಕುಂತ ಮಾವಾರು ಮುಖ ಎತ್ತಿದರು, ಏನದು ಮುರಿಗೆವ್ವಾ, ಏನ್ ಕಂಡಿ — ನಾ ಸೆರಗು ಬಾಯಿಗೆ ಒತ್ತಿ ಹಿಡಕೊಂಡ್ನಿ. ಹನ್ನೊಂದು ವರ್ಷ ಆತು ಅವರ ಮನಿ ಸೊಸಿ ಆಗಿ, ಮಾವಾರ ಎದುರಿಗೆ ಬಾಯಿ ಬಿಟ್ಟಾಕಿ ಅಲ್ಲ ನಾ, ತಾಟು ಇಟ್ಟು ಬಳಿ ಸಪ್ಪಳ ಮಾಡಿದ್ರ ಊಟಕ್ಕ ಬರ್ತಾರ, ಏನರ ಹೇಳೂದಿದ್ರ ಅತ್ತಿಯಾರ ಕಿವ್ಯಾಗ ಹೇಳ್ತಿದ್ನಿ, ಅವರು ಪಡಸಾಲಿಗೆ ಹೋಗಿ ಹೇಳ್ತಿದ್ರು, ಈಗ ಅತ್ತಿಯಾರು ಹೋಗಿ ವರ್ಷ, ಮಾವಾರ ಕಣ್ಣು ಹೋಗಿ ಎರಡು ವರ್ಷ, ಮನ್ಯಾಗ ಬರೇ ಬಳಿ ಸಪ್ಪಳ. ಇವರು ಹೇಳ್ತಾರ ಬಿಡು ಅಂತ ಹೊಳ್ಳಿ ನೋಡಿದ್ರ ಇವರು ಲಾಂಚಿನ ಅಂಚಿನ ಕಟಾಂಜನ ಹಿಡಕೊಂಡು ಹೊಳೀಗೆ ಬಗ್ಗಿ ವಾಂತಿ ಮಾಡಾಕತ್ತಾರ. ಹುಬ್ಬಳ್ಳಿಯಿಂದ ರೈಲಿನಾಗ ನೆಟ್ಟಗ ಬಂದ ಗಂಡಸು, ಪಣಜಿಯೊಳಗ ಲಾಂಚು ಹತ್ತಿ ಅರ್ಧ ತಾಸಾಗಿಲ್ಲ, ಮುಖ ಸುಣ್ಣ. ಮೊದಲನೇ ಊರು ಬಂತು, ಹಳೇ ಗೋವಾ ಅಂತ, ಇಳದವರೇ ಒಂದು ಮರದ ಬುಡಕ ಕುಂತ್ರು, ನಾ ಇನ್ನ ಇದನ್ನ ಹತ್ತಂಗಿಲ್ಲ, ಮೋಟಾರದಾಗ ಪಣಜಿಗೆ ಹೋಗಿ ಕಾಯ್ತೇನಿ, ಅಪ್ಪನ್ನ ನೀ ಕರಕೊಂಡ ಬಾ. ನಾನ? ನೀನ ಅಂದ್ರ ನೀನ, ಮತ್ಯಾರದಾರ.

ಮಾವಾರು ಊರೂ ಬಡಗಿಯ ಒಂದು ತುದಿ ಅವರ ಕೈಯಾಗ, ಇನ್ನೊಂದು ನನ್ನ ಕೈಯಾಗ, ಚಪ್ಪಲಿ ಬಿಡಬೇಕಂತ ಚರ್ಚಿನ ಬಾಗಿಲದಾಗ ನಿಂತ್ರ ಯಾರೂ ಬಿಡವಲ್ರು, ಇಲ್ಲಿ ಬಿಡೂದಿಲ್ಲಂತ, ನನಗ ಮನಸಾಗ್ಲಿಲ್ಲ, ಬಗಲಾಗ ಇಟಗೊಂಡು ಒಳಗ ಹೋದ್ನಿ, ತಲಿ ಎತ್ತಿದ್ನಿ, ಎತ್ತಿದ್ನಿ, ಸೆರಗು ಜಾರೂತನಕ ಎತ್ತಿದ್ರೂ ಮ್ಯಾಲಿನ ಮಾಳಿಗಿ ಮುಗೀವಲ್ದು. ಹೆಂಗೈತಿ ಅಂತ ಮಾವಾರು ಕೇಳಿದ್ರು. ಜಾರಿದ ಸೆರಗು ಎಳಕೊಂಡು, ದೊಡ್ಡದೈತ್ರಿ, ಅಂದ್ನಿ. ನನ್ನ ದನಿ ನನಗ ಬ್ಯಾರೇ ಯಾರದೋ ಅನಿಸ್ತು. ದೊಡ್ಡದಂದ್ರ ಎಷ್ಟು? ಇಷ್ಟು ವರ್ಷ ವ್ಯಾಪಾರ ಮಾಡೇನಿ, ಹತ್ತಿ ಛಲೋ ಐತಿ ಅಂದ್ರ ನಾ ಎಂದರ ತಗೊಂಡೇನೇನು, ಅಂದ್ರು. ಎಳಿ ಎಷ್ಟುದ್ದ, ಕಸ ಎಷ್ಟು, ಬಣ್ಣ ಎಂಥಾದ್ದು, ಹಂಗ ಹೇಳಬೇಕು. ಬೈತಾರೋ ನಗತಾರೋ ತಿಳೀಲಿಲ್ಲ, ಕಣ್ಣು ಮುಚ್ಚಿ ಹತ್ತಿ ತುಂಬಿಡೂ ನಮ್ಮ ವಖಾರಿ ನೆನಸಿಕೊಂಡ್ನಿ — ನಮ್ಮಂಥಾ ವಖಾರಿ ಒಂದರ ಮ್ಯಾಲೊಂದು ನಾಕು ಇಟ್ರೂ ತೊಲಿ ಮುಟ್ಟೂದಿಲ್ರಿ, ಎದುರಿನ ಗ್ವಾಡಿ ತುಂಬ ಬಂಗಾರ ಬಳದಾರ, ದೀಪಾವಳಿಗೆ ನಮ್ಮ ಹುಬ್ಬಳ್ಳಿ ದುರ್ಗದಬೈಲ್‌ನಾಗಿನ ದೀಪ ಎಲ್ಲಾ ಒಂದ ಕಡೆ ತಂದು ಹಚ್ಚಿದಂಗ ಐತ್ರಿ. ಹೂಂ, ಅಂದ್ರು, ಈಗ ಕಾಣಸ್ತು. ಕಾಣಸ್ತು! ನನ್ನ ಎದಿ ಹಂಗ ನಡಗಿದ್ದು ಹೆರಿಗ್ಯಾಗೂ ಇಲ್ಲ.

ಆಮ್ಯಾಲೆ ಒಂದು ನಡುಗಡ್ಡಿ, ಅಲ್ಲಿ ಚಾ ಕುಡದ್ವಿ, ಮಾವಾರು ಬಾಗಿ ನೀರಿನ್ಯಾಗ ಕೈ ಆಡಿಸಿ, ಇದು ನಮ್ಮ ಮಹಾದಾಯಿನ ಐತಿ, ಖಾನಾಪುರದ ಅಡವ್ಯಾಗ ಹುಟ್ಟಿದಾಕಿ, ಇಲ್ಲಿ ಬಂದು ಮಾಂಡವಿ ಆಗ್ಯಾಳ ಅಂದ್ರು, ತವರಿನ ಹೆಸರು ಬಿಟ್ಟು. ಮತ್ತ ಕೇಳಿದ್ರು, ನಿನ್ನ ತವರ ಹೆಸರು ಏನಿತ್ತು? ಶಿವಬಸವ್ವ ಅಂತ್ರಿ. ನಾನ ಮರತಿದ್ನಿ, ನಾಲಿಗ್ಗೆ ನೆನಪಿತ್ತು. ನೀರು ಏನ ಬಣ್ಣ ಈಗ? ಹಾಲು ಕಡಿಮಿ ಹಾಕಿದ ಚಾದಂಗ್ರಿ, ಅಲ್ಲಿ ನಡಕ ಹೋಗಿ ಹಸರಾಗ್ತೈತ್ರಿ, ಬಾಳಿ ಎಲಿ ಬೆನ್ನಿನಂಥಾ ಹಸರು, ಅಂದ್ನಿ, ಈಗ ಕೇಳೂದಕ್ಕಿಂತ ಮೊದಲ ಮಾತು ಬರಾಕತ್ತುವು, ಬಲೆ ಒಗಿಯಾಂವಾ, ತೆಂಗಿನ ಗಿಡ, ಮಣ್ಣು ಕುಂಕುಮದಂಗ ಕೆಂಪು, ಯಾವದು ಬಿಡ್ಲಿ, ಕಣ್ಣು ಎರಡ, ನೋಡೂದು ಇಬ್ಬರಿಗೆ.

ಮಧ್ಯಾಹ್ನ ಲಾಂಚು ಹಿಂದಕ್ಕ ಹೊಳ್ಳಿ, ಪಣಜಿ ದಾಟಿ, ಆಚೀ ದಂಡೀ ಗುಡ್ಡದ ಕೋಟಿ ಕೆಳಗ ನಿಂತ್ತು. ಕೋಟಿ ಹತ್ತಾಕ ಪಾವಟಿಗಿ ಬಾಳ ಅದಾವಂತ, ನನ್ನ ಕಡೆ ಆಗೂದಿಲ್ಲ, ನೀ ನೋಡಿ ಬಾ ಅಂದ್ರು. ಒಬ್ಬಾಕೀನ? ಸಂತಿಗೂ ಒಬ್ಬಾಕಿ ಹೋದಾಕಿ ಅಲ್ಲ. ಹೋದ್ನಿ. ನಿರಿಗಿ ಎತ್ತಿ ಹಿಡದು, ಏದುಸಿರು ಬಿಟಗೋತ, ಕಡೀ ಪಾವಟಿಗಿ ಮ್ಯಾಲೆ ನಿಂತು ನೋಡಿದ್ನಿ, ಹೊಳಿ ಹೊಂಟಿತ್ತು, ಹೊಂಟಿತ್ತು, ಆಮ್ಯಾಲೆ ಹೊಳೀನ ಇರಲಿಲ್ಲ. ಅಲ್ಲೇ ಕುಂತ್ನಿ. ಯಾಕ ಅಳು ಬಂತೋ, ದುಃಖ ಅಲ್ಲ, ಇಷ್ಟು ಇದ್ದದ್ದು ಗೊತ್ತೇ ಇರಲಿಲ್ಲಲಾ ಅಂತ. ಕೆಳಗ ಬಂದ ಮ್ಯಾಲೆ ಮಾವಾರು ಕೇಳಿದ್ರು, ಸಮುದ್ರ ಕಂಡಿತೇನು? ಕಣ್ಣು ಒರಸಿಕೊಂಡು ಅವರ ಬಾಜೂ ಕುಂತ್ನಿ. ಅವರು ಬಡಗಿ ತಿರುವಿಕೋತ ಮೆಲ್ಲಕ, ನಿಮ್ಮತ್ತಿ ಒಮ್ಮೆ ಕೇಳಿದ್ಳು, ಸಮುದ್ರ ತೋರಸ್ರಿ ಅಂತ, ಹತ್ತಿ ಹಂಗಾಮು ಮುಗೀಲಿ ಅಂದ್ನಿ, ಇಪ್ಪತ್ತು ಹಂಗಾಮು ಮುಗದುವು, ಆಕಿ ಮತ್ತೊಮ್ಮೆ ಕೇಳಲಿಲ್ಲ, ನಾ ಮತ್ತೊಮ್ಮೆ ಹೇಳಲಿಲ್ಲ, ಅಂದ್ರು, ಅದಕ್ಕ ಬಂದೇನಿ. ಕಣ್ಣಿಲ್ಲದಾಂವಾ ಏನ್ ನೋಡ್ತಾನ ಅಂತ ನಿನ್ನ ಗಂಡ ಶಾಂತಯ್ಯಾ ಕೇಳಿದಾ, ಏನ್ ಹೇಳ್ಲಿ ಮಗಗ. ಮುಂದ ಸಮುದ್ರ ಬಂದಾಗ ನಿಮ್ಮತ್ತಿಗೆ ಹೇಳಿದಂಗ ಹೇಳು ಯವ್ವಾ.

ಲಾಂಚು ಹೊಳೀ ಬಾಯಿಗೆ, ಸಮುದ್ರ ಕೂಡೂ ಕಡೆ ಬಂತು, ತೂಗಾಕತ್ತು, ಹೆಣ್ಣಮಕ್ಕಳು ಕೂಗಿದ್ರು, ನಾ ಮಾವಾರ ಮೊಣಕೈ ಹಿಡದ್ನಿ, ಮುಟ್ಟಿದ್ನಿ ಅನ್ನೂದು ಆಮ್ಯಾಲೆ ಹೊಳೀತು, ಬಿಡಲಿಲ್ಲ. ದಂಡಿ ಮುಗೀತ್ರಿ ಮಾವಾರ. ಎಡಕ್ಕೂ ಇಲ್ರಿ, ಬಲಕ್ಕೂ ಇಲ್ರಿ. ನವಲಗುಂದದ ಕರೀ ಮಣ್ಣಿನ ಎರಿ ಹೊಲ ಅದಾವಲ್ರಿ, ನೋಡಿದಷ್ಟೂ ಸಪಾಟ, ಆ ಎರಿ ಪೂರಾ ಎದ್ದು ಉಸರಾಡಿದ್ರ ಹೆಂಗೋ ಹಂಗ್ರಿ. ಬಿಸಲಿಗೆ ಎಲ್ಲಾ ಕಡೆ ಬೆಳ್ಳಿ ಚೂರು. ನೀರೆಲ್ಲಿ ಮುಗೀತು ಮುಗಿಲೆಲ್ಲಿ ಸುರು ಆತು, ಹೊಲಿಗಿ ಕಾಣೂದಿಲ್ರಿ ಅತ್ತೀ — ಅತ್ತೀ ಅಂದೇ ಬಿಟ್ನಿ, ನಾಲಿಗಿ ಕಚ್ಚಿಕೊಂಡ್ನಿ, ಅವರು ಎದ್ದು ನಿಂತ್ರು, ಗಾಳಿ ಎಲ್ಲಿಂದ ಬರ್ತೈತೋ ಅತ್ತ ಮುಖ ಮಾಡಿ ಎರಡೂ ಕೈಲೆ ತಲಿಗೆ ಸುತ್ತಿದ ರುಮಾಲಿನ ತುದಿ ಹುಡುಕಿದ್ರು, ಒಂದು ಸುತ್ತು ಬಿಚ್ಚಿದ್ರು, ಇನ್ನೊಂದು, ಮತ್ತೊಂದು, ಸಾವಿನ ಮನ್ಯಾಗೂ ನಮ್ಮೆದುರು ತಗೀದ ರುಮಾಲು, ಅರಿವಿ ಕಾಲಮ್ಯಾಗ ಗುಪ್ಪಿ ಬಿತ್ತು, ಬರೇ ತಲಿ, ಬೆಳ್ಳಗ, ಸಣ್ಣದು, ಕೂಸಿನ ನೆತ್ತಿಯಂಥಾ ತಲಿ, ರುಮಾಲು ಕುಂತ ಕಡೆ ಸುತ್ತಲೂ ಕೆಂಪಗ ಒಂದು ಗೆರಿ, ಮ್ಯಾಲೆ ನಾಕು ಬಿಳೀ ಕೂದಲಾ, ಗಾಳಿಗೆ ನಿಂತಾವ, ನೀರು ಸಿಡದು ಹನಿ ಕುಂತಾವ, ನಾ ಮುಂದ ಸಮುದ್ರ ಹೇಳಬೇಕು, ಹೇಳಬೇಕು, ಕಣ್ಣು ಅತ್ತ ಹೊಳ್ಳವಲ್ದು, ಬರೇ ತಲಿ, ಹನಿ, ಗಾಳ್ಯಾಗ ಆ ಬರೇ ತಲಿ —